ಶಹಾಪುರದ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂತು. ಹೆಸರು ಹಾಕಿಲ್ಲ, ಊರು ಶಹಾಪುರ ಅಂತ ಮಾತ್ರ ಬರೆದಿದ್ದೀ. ಹೆಣ್ಣು ನೋಡಲು ಬಂದವರಲ್ಲಿ ಒಬ್ಬಾಕೆ ನಿಮ್ಮ ಕಾಕುವಿನ ಮುಂದೆ ನಿನ್ನ ಎದೆ ಚಿಕ್ಕದೆಂದು ಆಡಿದ ಮಾತು ನಿನ್ನ ಕಿವಿಗೆ ಬಿದ್ದಿದೆ. ಒಳಗೆ ಸಿಲಿಕೋನ್ ಏನೂ ಇಡಿಸಿಕೊಳ್ಳದೆ, ಹೊಟ್ಟೆಯ ಕೊಬ್ಬು ತೆಗೆದು ಎದೆಗೆ ತುಂಬುತ್ತಾರಂತೆ, ಹೈದರಾಬಾದಿನಲ್ಲಿ ಮಾಡುತ್ತಾರಂತೆ, ಖರೇನಾ ಅಂತ ಕೇಳಿದ್ದೀ. ಪತ್ರದ ಕೊನೆಗೆ, ಹೋಗುವಾಗ ನೆನಪಾದಂತೆ, ಇನ್ನೊಂದು ಸಾಲು ಇದೆ: “ನಮ್ಮಕ್ಕಂದು ಇದಕ್ಕ ಉಲ್ಟಾ, ಭಾರಕ್ಕ ಭುಜ ನೋಯ್ತಾವ ಅಂತಾಳ.” ಆ ಸಾಲಿಗೂ ಉತ್ತರ ಕೊಡುತ್ತೇನೆ. ನಿನಗಿಂತ ಅವಳ ಬಗ್ಗೆಯೇ ನನಗೆ ಹೆಚ್ಚು ಹೇಳುವುದಿದೆ.

ನಾನು ಸುರಪುರದ ರಂಗಂಪೇಟೆಯಲ್ಲಿ ಹುಟ್ಟಿದವಳು. ನರ್ಸಾಗಿ ಹೆಚ್ಚು ಕಾಲ ಇದ್ದದ್ದು ಪ್ಲಾಸ್ಟಿಕ್ ಸರ್ಜರಿ ವಾರ್ಡಿನಲ್ಲಿ. ನಿನ್ನ ಪ್ರಶ್ನೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಯಾದಗಿರಿ, ಸುರಪುರದಲ್ಲೂ ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡ ಹುಡುಗಿಯರಿದ್ದಾರೆಂದು ಬಲ್ಲೆ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಖರೆ. ಮಾಡುತ್ತಾರೆ, ಮತ್ತದು ಹೊಸದೂ ಅಲ್ಲ. ಸಿಲಿಕೋನ್ ಚೀಲ ಮೊದಲು ಒಬ್ಬ ಹೆಂಗಸಿನ ಎದೆಯೊಳಗೆ ಹೋದದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಅದಕ್ಕಿಂತ ಬಹಳ ಮೊದಲೇ, 1895ರಲ್ಲಿ, ಜರ್ಮನಿಯ ಚೆರ್ನಿ ಎಂಬ ಶಸ್ತ್ರವೈದ್ಯರು ಗಡ್ಡೆ ತೆಗೆದ ಸ್ತನವನ್ನು ಅದೇ ಹೆಣ್ಣುಮಗಳ ಮೈಯಲ್ಲಿದ್ದ ಕೊಬ್ಬಿನ ಗಂಟಿನಿಂದ ತುಂಬಿದ್ದರು. ಆಮೇಲೆ 1987ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘ ಸ್ತನಕ್ಕೆ ಕೊಬ್ಬು ತುಂಬುವುದೇ ಬೇಡ ಎಂದಿತು. ತುಂಬಿದ ಕೊಬ್ಬು ಅಲ್ಲಲ್ಲಿ ಗಂಟು ಕಟ್ಟಿ ಕ್ಯಾನ್ಸರ್ ಗಂಟನ್ನು ಮರೆಮಾಡೀತು ಎಂಬ ಭಯ ಅವರಿಗಿತ್ತು. ವಿಧಾನವೂ ಸ್ಕ್ಯಾನಿಂಗೂ ಸುಧಾರಿಸಿದ ಮೇಲೆ, 2009ರಲ್ಲಿ, ಆ ನಿಲುವು ಸಡಿಲವಾಯಿತು. ಆದರೆ ಗಂಟು ಕಟ್ಟುವುದು ಈಗಲೂ ಇದೆ. ಅದನ್ನು ಮುಚ್ಚಿಟ್ಟು ಬರೀ ಚಂದದ ಫೋಟೋ ತೋರಿಸುವ ಕಡೆ ಹೋಗಬೇಡ.

ಮಾಡುವ ರೀತಿ ಹೀಗೆ. ಹೊಟ್ಟೆ ಅಥವಾ ತೊಡೆಗೆ ಔಷಧ ಬೆರೆಸಿದ ಸಲೈನ್ ತುಂಬಿ, ಸಣ್ಣ ಕೊಳವೆಯಿಂದ ಕೊಬ್ಬನ್ನು ಎಳೆಯುತ್ತಾರೆ. ಸಿರಿಂಜು ನೆಟ್ಟಗೆ ನಿಲ್ಲಿಸಿದರೆ ಮೇಲೆ ಎಣ್ಣೆ, ಕೆಳಗೆ ರಕ್ತ ಕಲೆತ ನೀರು, ನಡುವೆ ಹಳದಿ ಕೊಬ್ಬು ನಿಲ್ಲುತ್ತದೆ. ಕೆಲಸಕ್ಕೆ ಬರುವುದು ಆ ನಡುವಿನದು ಮಾತ್ರ. ಅದನ್ನು ಎದೆಯ ಚರ್ಮದ ಕೆಳಗೆ, ಸ್ನಾಯುವಿನ ಪದರದಲ್ಲಿ, ನೂಲಿನಂತೆ ಸಣ್ಣಸಣ್ಣಗೆ ಬಿಡುತ್ತಾರೆ. ನಿಮ್ಮ ಕಡೆ ಕಾಲುವೆ ನೀರಿನಲ್ಲಿ ಭತ್ತ ನಾಟಿ ಮಾಡುವುದನ್ನು ನೋಡಿದ್ದೀಯಲ್ಲ, ಇದೂ ಹಾಗೇ: ಬಿಡಿಬಿಡಿಯಾಗಿ ಊರಿದ್ದು ಬೇರು ಹಿಡಿಯುತ್ತದೆ, ಒಂದೇ ಕಡೆ ಮುದ್ದೆಯಾಗಿ ತುರುಕಿದ್ದು ನಡುವೆ ಕೊಳೆಯುತ್ತದೆ. ಕೊಬ್ಬಿಗೆ ಸುತ್ತಲಿನಿಂದ ರಕ್ತ ಸಿಗಬೇಕು. ಸಿಗದೆ ಸತ್ತದ್ದು ಕರಗಿ ಹೋಗುತ್ತದೆ, ಇಲ್ಲವೆ ಎಣ್ಣೆಗುಳ್ಳೆಯಾಗಿ, ಸುಣ್ಣ ಕಟ್ಟಿದ ಗಂಟಾಗಿ ಉಳಿಯುತ್ತದೆ. ತುಂಬಿದ್ದರಲ್ಲಿ ಸುಮಾರು ಅರ್ಧ ಉಳಿದರೆ, ಒಮ್ಮೊಮ್ಮೆ ಅದಕ್ಕಿಂತ ತುಸು ಹೆಚ್ಚು ಉಳಿದರೆ, ಚೆನ್ನಾಗಿ ಆಯಿತೆಂದೇ ಲೆಕ್ಕ. ಎಷ್ಟು ಉಳಿಯಿತು ಎಂಬುದು ತಿಳಿಯಲು ಕೆಲವು ತಿಂಗಳು ಬೇಕು. ಒಂದು ಸಲಕ್ಕೆ ಬ್ರಾದ ಒಂದು ಕಪ್ ಅಳತೆಯಷ್ಟು ಹೆಚ್ಚಬಹುದು, ಅದಕ್ಕಿಂತ ದೊಡ್ಡದು ಬೇಕೆಂದರೆ ಮತ್ತೊಮ್ಮೆ ಮಲಗಬೇಕು. ನೀನು ತೆಳ್ಳಗಿದ್ದೀನಿ ಅಂತಲೂ ಬರೆದಿದ್ದೀ. ತೆಳ್ಳಗಿರುವವರಲ್ಲಿ ತೆಗೆಯಲು ಕೊಬ್ಬೇ ಸಾಲದು. ತೆಗೆದು ತುಂಬಿದ್ದೂ ಮುಂದೆ ಮೈ ಇಳಿದರೆ ಜೊತೆಗೇ ಇಳಿಯುತ್ತದೆ. ತಂಬಾಕು, ಗುಟ್ಕಾ ಇದ್ದರೆ ರಕ್ತನಾಳ ಸೆಟೆದು ಕೊಬ್ಬು ಇನ್ನೂ ಬೇಗ ಸಾಯುತ್ತದೆ.

ಕೊಬ್ಬು ಎಳೆಯುವುದು ಸಣ್ಣ ಕೆಲಸ ಎಂದು ಯಾರಾದರೂ ಹೇಳಿದರೆ ನಂಬಬೇಡ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸಲು ಹೋಗಿ ಪ್ರಾಣ ಕಳೆದುಕೊಂಡಳು. ಅವಳಿಗೆ 21 ವರ್ಷ, ನಿನ್ನ ವಾರಿಗೆಯವಳು. ಆ ಸುದ್ದಿ ನೆನೆದರೆ ಈಗಲೂ ಕರುಳು ಹಿಂಡುತ್ತದೆ. ಅದಕ್ಕೇ ಹೇಳುತ್ತೇನೆ, ಯಾವ ಊರಿಗೇ ಹೋಗು, ಬೋರ್ಡಿನ ಮೇಲೆ ಎಂ.ಸಿಎಚ್. ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಎಂದಿದೆಯಾ ನೋಡು. ಅರಿವಳಿಕೆ ಕೊಡುವ ಡಾಕ್ಟರು ಯಾರು, ಅವರು ಕೊನೆತನಕ ಇರುತ್ತಾರಾ, ಐಸಿಯು ಅದೇ ಕಟ್ಟಡದಲ್ಲಿದೆಯಾ ಅಂತ ಬಾಯಿಬಿಟ್ಟು ಕೇಳು. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬಾ.

ಇನ್ನು ಕ್ರೀಮು, ಎಳೆಯುವ ಪಂಪು, ಮಾಲೀಸು, ಪುಡಿ: ಇವುಗಳಿಂದ ಎದೆ ಬೆಳೆಯುವುದಿಲ್ಲ. ಹಾರ್ಮೋನ್ ಮಾತ್ರೆಯನ್ನು ಮೆಡಿಕಲ್ ಶಾಪಿನವನ ಮಾತಿಗೆ ನುಂಗಬೇಡ. ಮುಖಕ್ಕೆ ಹಾಕುವ ಫಿಲ್ಲರನ್ನೇ ಎದೆಗೂ ಹಾಕುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡ.

ಸಿಲಿಕೋನ್ ಇಲ್ಲದೆ ಮಾಡುವ ಇನ್ನೊಂದು, ಜೋತ ಎದೆಯನ್ನು ಎತ್ತಿ ಕಟ್ಟುವುದು. ಮಕ್ಕಳಾಗಿ ಹಾಲುಣಿಸಿ ಮುಗಿದ ಮೇಲೆ ಕೇಳುವವರಿದ್ದಾರೆ. ಹೆಚ್ಚಾದ ಚರ್ಮ ತೆಗೆದು, ಕೆಳಗಿನ ಮಾಂಸವನ್ನೇ ಮೇಲಕ್ಕೆ ಮಡಚಿ ಕೂರಿಸುತ್ತಾರೆ. ಆಕಾರ ಬರುತ್ತದೆ, ಗಾತ್ರ ಹೆಚ್ಚುವುದಿಲ್ಲ, ತೊಟ್ಟಿನ ಸುತ್ತ ಮತ್ತು ಅದರ ಕೆಳಗೆ ಗಾಯದ ಗುರುತು ಜೀವನಪೂರ್ತಿ ಇರುತ್ತದೆ. ನಮ್ಮ ಬಣ್ಣದ ಚರ್ಮದಲ್ಲಿ ಕೆಲವರಿಗೆ ಆ ಗುರುತು ಉಬ್ಬುತ್ತದೆ. ಹಳೇ ಗಾಯ ಉಬ್ಬಿದ ಅನುಭವ ಇದ್ದರೆ ಮೊದಲೇ ಹೇಳಬೇಕು. ನಿನಗೆ ಇದರ ಮಾತೇ ಈಗ ಬೇಡ.

ಕ್ಯಾನ್ಸರಿಗೆ ಸ್ತನ ಕಳೆದುಕೊಂಡವರಿಗೆ ಹೊಟ್ಟೆಯ ಅಥವಾ ಬೆನ್ನಿನ ಮಾಂಸದಿಂದ ಹೊಸ ಎದೆ ಕಟ್ಟುವ ಶಸ್ತ್ರಚಿಕಿತ್ಸೆಯೂ ಇದೆ. ಓದುವವರಲ್ಲಿ ಅಂಥವರಿದ್ದರೆ, ಗಡ್ಡೆ ತೆಗೆಯುವ ಮೊದಲೇ ಡಾಕ್ಟರನ್ನು ಇದರ ಬಗ್ಗೆ ಕೇಳಿರಿ.

ಈಗ ನಿಮ್ಮಕ್ಕನ ವಿಷಯ.

ಅವಳಂಥವರನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಕುಬುಸ ಬಿಚ್ಚಿದರೆ ಎರಡೂ ಭುಜದ ಮೇಲೆ ಬ್ರಾ ಪಟ್ಟಿ ಕೊರೆದ ಕಾಲುವೆ, ಬೆರಳು ಹೂತುಕೊಳ್ಳುವಷ್ಟು ಆಳ, ಕಪ್ಪುಗಟ್ಟಿದ ಚರ್ಮ. ಎದೆಯ ಕೆಳಗೆ ಹಳೇ ಸೀರೆಯ ಮೆತ್ತನೆ ತುಂಡು ಮಡಚಿ ಇಟ್ಟುಕೊಂಡಿರುತ್ತಿದ್ದರು, ಬೆವರು ಹೀರಲಿ ಅಂತ. ಅದನ್ನು ತೆಗೆದರೆ ಕೆಂಪಗೆ ಕೆತ್ತಿದ ಚರ್ಮ, ವಾಸನೆ. ಮೈ ತೋರಿಸಿದ್ದಕ್ಕಿಂತ ಆ ಬಟ್ಟೆ ತೋರಿಸಿದ್ದಕ್ಕೆ ಅವರು ಹೆಚ್ಚು ನಾಚುತ್ತಿದ್ದರು. ನಮ್ಮ ಬೇಸಿಗೆ ಗೊತ್ತಲ್ಲ, ನಲವತ್ತು ಡಿಗ್ರಿ ದಾಟಿದ ಮೇಲೂ ಹೊಲಕ್ಕೆ ಹೋಗಬೇಕು. ಬಗ್ಗಿ ಹತ್ತಿ ಬಿಡಿಸುವಾಗ, ನಾಟಿ ಮಾಡುವಾಗ ಅಷ್ಟೂ ಭಾರ ಕತ್ತಿಗೆ ಜಗ್ಗುತ್ತದೆ. ಬೆನ್ನುನೋವೆಂದು ಮಾತ್ರೆ ನುಂಗುತ್ತಾರೆ, ಮುಲಾಮು ತಿಕ್ಕುತ್ತಾರೆ, ನೋವಿನ ಮೂಲವನ್ನು ಯಾರ ಮುಂದೆಯೂ ಹೇಳುವುದಿಲ್ಲ. ಹೇಳಿದರೆ ನಗುವವರು ಮನೆಯಲ್ಲೇ ಇರುತ್ತಾರೆ.

ಇದು ಶೋಕಿಯಲ್ಲ ಮಗಳೇ, ರೋಗ. ಇದಕ್ಕೆ ಚಿಕಿತ್ಸೆ ಸ್ತನ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆ, ಇದರಲ್ಲೂ ಒಳಗೆ ಏನನ್ನೂ ಇಡುವುದಿಲ್ಲ. ಮೊಲೆತೊಟ್ಟನ್ನು ರಕ್ತನಾಳದ ಸಮೇತ ಬುಡದಿಂದ ಬಿಡಿಸದೆಯೇ ಮೇಲಕ್ಕೆ ಸರಿಸಿ, ಹೆಚ್ಚಿನ ಭಾಗ ತೆಗೆದು, ತೂಗಿ, ಪರೀಕ್ಷೆಗೆ ಲ್ಯಾಬಿಗೆ ಕಳಿಸುತ್ತಾರೆ. ಗುರುತು ಉಳಿಯುತ್ತದೆ. ತೊಟ್ಟಿನ ಸ್ಪರ್ಶಜ್ಞಾನ ಕೆಲವರಿಗೆ ಕಡಿಮೆಯಾಗುತ್ತದೆ, ಮುಂದೆ ಹಾಲೂ ಕಡಿಮೆಯಾಗಬಹುದು. ಅಕ್ಕನಿಗೆ ಇನ್ನೂ ಮಕ್ಕಳು ಬೇಕಿದ್ದರೆ ಇದನ್ನು ಡಾಕ್ಟರ ಮುಂದೆ ಮೊದಲೇ ಆಡಬೇಕು. ಇಷ್ಟೆಲ್ಲ ಹೇಳಿಯೂ ಹೇಳುತ್ತೇನೆ, ಎದ್ದು ಓಡಾಡಲು ಶುರುಮಾಡಿದ ದಿನವೇ “ಭುಜ ಹಗುರಾದುವು ಸಿಸ್ಟರ್” ಅಂದವರನ್ನು ಕಂಡಿದ್ದೇನೆ. ಅಂದದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮುಖದಲ್ಲಿ ಅಷ್ಟು ನೆಮ್ಮದಿ ನಾನು ನೋಡಿಲ್ಲ.

ಇನ್ನು ಖರ್ಚಿನ ಮಾತು. 2018ರಲ್ಲಿ ಚೆನ್ನೈನ ಸರ್ಕಾರಿ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಸ್ತನ ಶಸ್ತ್ರಚಿಕಿತ್ಸೆಯನ್ನು ಬಡವರಿಗೆ ಪುಕ್ಕಟೆ ಮಾಡುವ ಕ್ಲಿನಿಕ್ ತೆರೆದಾಗ, ಜನರ ದುಡ್ಡಲ್ಲಿ ಇದೆಲ್ಲ ಯಾಕೆ ಅಂತ ಟೀಕೆ ಬಂತು. ನನ್ನ ಮಟ್ಟಿಗೆ ಆ ಕ್ಲಿನಿಕ್ ತೆರೆದದ್ದು ಸರಿಯಾದ ಕೆಲಸ. ನಮ್ಮಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಅಂದಕ್ಕೆಂದು ಮಾಡಿಸುವುದು ಅದರಲ್ಲಿ ಬರುವುದಿಲ್ಲ. ನಿನ್ನ ಕೊಬ್ಬು ತುಂಬಿಸುವ ಖರ್ಚು ಪೂರ್ತಿ ನಿಮ್ಮಪ್ಪನ ತಲೆಗೆ. ಅಕ್ಕನದು ಬೇರೆ: ಭುಜನೋವು, ಚರ್ಮದ ಹುಣ್ಣು, ಎಷ್ಟು ವರ್ಷದಿಂದ ಎಂಬುದೆಲ್ಲ ಡಾಕ್ಟರ ಕೈಯಿಂದ ಚೀಟಿಯಲ್ಲಿ ಬರೆಸಿಕೊಂಡು, ಯೋಜನೆಯಲ್ಲಿ ಬರುತ್ತದಾ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಬೇಕು. ಬೆಂಗಳೂರಿನ ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲೂ ತೋರಿಸಬಹುದು.

ಎಲ್ಲೇ ಮಾಡಿಸಿದರೂ ಆಪರೇಷನ್ ಮುಗಿದ ಮೇಲಿನ ದಿನಗಳನ್ನು ಮೊದಲು ಲೆಕ್ಕ ಹಾಕಿ. ದೂರದ ಊರಿನ ಕ್ಲಿನಿಕ್ಕು ಮರುದಿನವೇ ಮನೆಗೆ ಕಳಿಸಿದರೆ, ಸುರಪುರದ ರಸ್ತೆಯಲ್ಲಿ ಬಸ್ಸು ಎತ್ತಿಹಾಕುವ ಒಂದೊಂದು ಕುಲುಕಿಗೂ ಹೊಲಿಗೆ ಜಗ್ಗುತ್ತದೆ. ಮೊದಲ ವಾರ ಆಸ್ಪತ್ರೆಯ ಊರಲ್ಲೇ ಬೀಗರ ಮನೆಯೋ ರೂಮೋ ನೋಡಿಕೊಳ್ಳಬೇಕು. ನಾಲ್ಕಾರು ವಾರ ಕೊಡ ಎತ್ತುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ. ಆ ಕೆಲಸ ಯಾರು ಮಾಡುತ್ತಾರೆ ಎಂದು ಮನೆಯಲ್ಲಿ ಮೊದಲೇ ಮಾತಾಗಲಿ. ಬೇಸಿಗೆ ಬೇಡ, ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಒಂದು ಬದಿ ದಿಢೀರನೆ ಊದಿದರೆ, ಜ್ವರ ಬಂದರೆ, ತೊಟ್ಟು ಕಪ್ಪಾದರೆ, ಮೀನಖಂಡ ನೋವಾಗಿ ಉಸಿರು ಕಟ್ಟಿದಂತಾದರೆ ಬೆಳಗಾಗಲಿ ಎಂದು ಕಾಯಬಾರದು.

ನಿನ್ನ ಬಗ್ಗೆ ನನ್ನ ಮಾತು ನೇರ. ಮದುವೆಯ ಮುಹೂರ್ತಕ್ಕೆಂದು ಇದನ್ನು ಮಾಡಿಸಬೇಡ. ನಿನ್ನ ಮೈ ಇನ್ನೂ ಬಸಿರು, ಬಾಣಂತನ ಎಲ್ಲ ಕಂಡು ಬದಲಾಗುವುದಿದೆ. ಹಿಂದೆ ನಿಂತು ಎದೆ ಅಳೆದ ಆ ಹೆಂಗಸಿನ ಮನೆಗೆ ನೀನು ಹೋಗದಿದ್ದರೆ ನಷ್ಟವೇನೂ ಇಲ್ಲ. ಎದೆ ಚಿಕ್ಕದಾದರೆ ಹಾಲು ಬರುವುದಿಲ್ಲ ಎಂಬ ಕಾಕುವಿನ ಭಯಕ್ಕೂ ಆಧಾರವಿಲ್ಲ. ಗಾತ್ರ ಕೊಡುವುದು ಹೆಚ್ಚಾಗಿ ಕೊಬ್ಬು, ಹಾಲು ಕೊಡುವುದು ಗ್ರಂಥಿ. ಎರಡೂ ಎದೆ ತೀರಾ ಬೇರೆಬೇರೆ ಅಳತೆ ಇದ್ದರೆ, ಒಂದು ಬದಿ ಬೆಳೆದೇ ಇಲ್ಲದಿದ್ದರೆ ಮಾತು ಬೇರೆ, ಆಗ ತಜ್ಞರಿಗೆ ತೋರಿಸಲೇಬೇಕು. ಕೆಲವು ವರ್ಷ ಕಳೆದು, ಗಳಿಕೆ ನಿನ್ನದಾಗಿ, ಆಗಲೂ ಬೇಕೆನ್ನಿಸಿದರೆ ಬರಿ. ನಾನು ತಡೆಯುವುದಿಲ್ಲ, ಎಲ್ಲಿ ಏನು ಕೇಳಬೇಕೆಂದು ಹೇಳಿಕೊಡುತ್ತೇನೆ.

ಈ ವಾರ ಮಾಡಬೇಕಾದ್ದು ಒಂದೇ. ಅಕ್ಕನನ್ನು ಕರೆದುಕೊಂಡು ನಿಮ್ಮ ತಾಲ್ಲೂಕು ಆಸ್ಪತ್ರೆಯ ಲೇಡಿ ಡಾಕ್ಟರ ಹತ್ತಿರ ಹೋಗು, ಅವ್ವನನ್ನೂ ಕರೆದುಕೋ. ಎದೆಯ ಕೆಳಗಿನ ಹುಣ್ಣು ತೋರಿಸಲಿ, ಸಕ್ಕರೆ ಪರೀಕ್ಷೆ ಮಾಡಿಸಲಿ, ಕೈಗೆ ಗಂಟೇನಾದರೂ ಸಿಗುತ್ತದಾ ನೋಡಿಸಲಿ. ಗಂಟು ಸಿಕ್ಕರೆ ತಡಮಾಡದೆ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೆ ಹೋಗಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಸರ್ಜನ್ನರಿಗೆ ಚೀಟಿ ಬರೆಸಿಕೊಳ್ಳಿ. ಅಕ್ಕ ಒಲ್ಲೆ ಅಂದರೆ ಈ ಪತ್ರ ಅವಳಿಗೇ ಓದಲು ಕೊಡು. ಡಾಕ್ಟರು ಏನಂದರು ಅಂತ ನನಗೆ ಬರಿ, ಈ ಸಲ ಅಕ್ಕನ ಕೈಯಿಂದಲೂ ನಾಲ್ಕು ಸಾಲು ಬರೆಸು.

ನಿನ್ನ ಹಿತ ಬಯಸುವ,
ರಂಗಂಪೇಟೆಯ ಸಿಸ್ಟರ್ ದೊಡ್ಡವ್ವ