ಮಹಾಮಾರಿಯ ಕಾಲದಲ್ಲಿ ಗಾಯಾಳುಗಳ ಚಿಕಿತ್ಸೆ

ಸಾಂಕ್ರಾಮಿಕ ರೋಗ ಹರಡಿದಾಗ ಆಸ್ಪತ್ರೆಗಳು ತುಂಬುವುವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಅದೇ ಸಮಯದಲ್ಲಿ ಅಪಘಾತದ ಗಾಯಾಳುಗಳ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವವರು ಕಡಮೆಯಾಗುವುದುಂಟೆಂಬುದು ಹಲವರಿಗೆ ತಿಳಿಯದು. 2020ನೆಯ ಇಸವಿಯ ಕೋವಿಡ್ ಮಹಾಮಾರಿಯಲ್ಲಿ ಇದು ಅನೇಕ ದೇಶಗಳಲ್ಲಿ ಕಂಡುಬಂದಿತು. ಇದರ ಕಾರಣವೇನು, ಇದರಿಂದ ನಾವು ಕಲಿಯತಕ್ಕ ಪಾಠವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮ ಪಲ್ಲಡವು ಕೊಯಮತ್ತೂರಿನಿಂದ ತಿರುಚಿರಾಪಳ್ಳಿಗೆ ಹೋಗುವ ಹೆದ್ದಾರಿಯ ಮೇಲಿದೆ. ವಿದ್ಯುತ್ ಮಗ್ಗಗಳ ಬಟ್ಟೆ, ಕೋಳಿ ಸಾಕಣೆಯ ಸರಕು, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ಕೆಲಸಗಾರರು, ಇವೆಲ್ಲಕ್ಕೂ ರಸ್ತೆಯೇ ಆಧಾರ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬರಲು, ಬಸ್ಸುಗಳು ನಿಂತವು, ಮಗ್ಗಗಳು ನಿಂತವು, ಮದ್ಯದಂಗಡಿಗಳು ಮುಚ್ಚಿದವು. ಸಂಚಾರ, ಯಂತ್ರ, ಮದ್ಯ ಎಂಬ ಗಾಯದ ಮೂರು ಮೂಲಗಳೂ ಏಕಕಾಲದಲ್ಲಿ ತಗ್ಗಿದುದರಿಂದ ಗಾಯಾಳುಗಳ ಸಂಖ್ಯೆಯೂ ತಗ್ಗಿತು.

ಈಗ ಅಂಕಿಗಳನ್ನು ನೋಡೋಣ. ಕೇಂದ್ರ ಹೆದ್ದಾರಿ ಸಚಿವಾಲಯದ ಆಯಾ ವರ್ಷದ ವರದಿಯಂತೆ, 2019ರಲ್ಲಿ ದೇಶದಲ್ಲಿ 4,49,002 ರಸ್ತೆ ಅಪಘಾತಗಳಾಗಿ 1,51,113 ಜನರು ಮಡಿದರು. 2020ರಲ್ಲಿ ಅಪಘಾತಗಳು 3,66,138, ಮಡಿದವರು 1,31,714. ಅಪಘಾತಗಳು ಶೇಕಡಾ 18ರಷ್ಟು ಇಳಿದರೂ ಸಾವುಗಳು ಶೇಕಡಾ 13ರಷ್ಟು ಮಾತ್ರ ಇಳಿದವು. ಬೇರೆ ರೀತಿಯಲ್ಲಿ ಹೇಳುವುದಾದರೆ, ನೂರು ಅಪಘಾತಗಳಿಗೆ ಸುಮಾರು 34 ಇದ್ದ ಸಾವು 36ಕ್ಕೆ ಏರಿತು. ತೆರವಾದ ರಸ್ತೆಯಲ್ಲಿ ವಾಹನದ ವೇಗ ಹೆಚ್ಚುತ್ತದೆ. ಚಿಕಿತ್ಸೆ ತಡವಾದರೆ ಗಾಯ ಮಾರಕವಾಗುತ್ತದೆ. ಗಾಯಾಳುಗಳು ಕಡಮೆಯಾದರೆಂದು ಗಾಯವು ಹಗುರವಾಗಲಿಲ್ಲ.

ಗಾಯದ ಸ್ಥಳವೂ ಬದಲಾಯಿತು. ಮನೆಯಲ್ಲಿ ಜಾರಿ ಬೀಳುವ ವೃದ್ಧರು, ಬಿಸಿನೀರಿನಿಂದ ಬೇಯುವ ಮಕ್ಕಳು, ಮನೆಯವರಿಂದಲೇ ಹೊಡೆತ ತಿನ್ನುವ ಹೆಂಗಸರು, ಇವರಿಗೆ ಲಾಕ್‌ಡೌನ್ ರಕ್ಷಣೆ ನೀಡಲಿಲ್ಲ. ಊರಿಗೆ ಹೊರಟ ವಲಸೆ ಕೂಲಿಗಾರರಿಗೆ ರಸ್ತೆಯೂ ಸುರಕ್ಷಿತವಾಗಿರಲಿಲ್ಲ. 2020ರ ಮೇ 16ರಂದು ಉತ್ತರ ಪ್ರದೇಶದ ಔರೈಯಾದಲ್ಲಿ ಲಾರಿಗಳು ಡಿಕ್ಕಿ ಹೊಡೆದು 20ಕ್ಕೂ ಹೆಚ್ಚು ಮಂದಿ ಮಡಿದರು.

ಇನ್ನೊಂದು ಕಾರಣವು ಇವೆಲ್ಲಕ್ಕಿಂತ ಗಂಭೀರವಾದುದು: ಅಗತ್ಯವಿದ್ದೂ ಆಸ್ಪತ್ರೆಗೆ ತಲಪಲಾಗದಿರುವುದು. ಕನ್ನಡಿಗರು ಬಹುವಾಗಿ ನೆಲೆಸಿರುವ ಕಾಸರಗೋಡು ಇದಕ್ಕೆ ಸಾಕ್ಷಿ. ಅಲ್ಲಿಯವರು ಹಿಂದಿನಿಂದಲೂ ದೊಡ್ಡ ಚಿಕಿತ್ಸೆಗಳಿಗೆ ಮಂಗಳೂರನ್ನು ನೆಚ್ಚಿಕೊಂಡವರು. 2020ರ ಮಾರ್ಚ್ ತಿಂಗಳಲ್ಲಿ ಕರ್ನಾಟಕವು ಗಡಿಯನ್ನು ಮುಚ್ಚಲು, ತಲಪಾಡಿಯಲ್ಲಿ ಆಂಬುಲೆನ್ಸುಗಳೂ ತಡೆಯಲ್ಪಟ್ಟವು. ಚಿಕಿತ್ಸೆ ದೊರೆಯದೆ ಕೆಲವರು ಅಸುನೀಗಿದರು. ದಾರಿಯನ್ನು ತೆರೆಯಿಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರ ಸರಕಾರಕ್ಕೆ ಆದೇಶವಿತ್ತಿತು. ವಿಷಯವು ಸುಪ್ರೀಂ ಕೋರ್ಟಿನವರೆಗೂ ಹೋಗಿ, ನಿಬಂಧನೆಗಳೊಡನೆ ರೋಗಿಗಳನ್ನು ಬಿಡುವಂತಾಯಿತು. ಅವರೆಲ್ಲರೂ ಅಪಘಾತದ ಗಾಯಾಳುಗಳಲ್ಲವಾದರೂ ತತ್ತ್ವವೊಂದೇ. ಆ ದಿನಗಳಲ್ಲಿ ಮಂಗಳೂರಿನ ಆಸ್ಪತ್ರೆಗಳ ದಾಖಲೆಯಲ್ಲಿ ಕಾಸರಗೋಡಿನವರ ಹೆಸರು ಕಡಮೆಯಿದ್ದರೆ, ಕಾಸರಗೋಡಿನಲ್ಲಿ ರೋಗಿಗಳೇ ಇರಲಿಲ್ಲವೆಂದು ಅರ್ಥವೇ?

ಬಾಗಿಲನ್ನು ತಲಪಿದವರಿಗೂ ತೊಡಕುಗಳಿದ್ದವು. ಶಸ್ತ್ರಚಿಕಿತ್ಸೆಗೆ ಮೊದಲು ಸೋಂಕಿನ ಪರೀಕ್ಷೆಯಾಗಬೇಕಿತ್ತು. ರಕ್ತದಾನ ಶಿಬಿರಗಳು ನಿಂತು ರಕ್ತದ ಸಂಗ್ರಹ ಕುಗ್ಗಿತ್ತು. ದಾದಿಯರೂ ಹಾಸಿಗೆಗಳೂ ಸೋಂಕಿತರ ಸೇವೆಗೆ ಸಂದಿದ್ದವು. ಕೊಯಮತ್ತೂರಿನ ಇ.ಎಸ್.ಐ. ಆಸ್ಪತ್ರೆಯು ಆಗ ಕೋವಿಡ್ ಆಸ್ಪತ್ರೆಯಾಗಿ ಮಾರ್ಪಟ್ಟಿತು. ಇಂತಹ ಏರ್ಪಾಡು ಅನಿವಾರ್ಯವೇ ಸರಿ; ಆದರೆ ಗಾಯಾಳುಗಳಿಗೆ ಬೇರೊಂದು ಬಾಗಿಲು ಸದಾ ತೆರೆದಿರಬೇಕು.

ಸಂಚಾರ ಮರಳಿದಂತೆ ಅಪಘಾತವೂ ಮರಳಿತು. 2022ರಲ್ಲಿ ದೇಶದ ಅಪಘಾತಗಳು 4,61,312ಕ್ಕೇರಿ 1,68,491 ಜನರು ಮಡಿದರು. ಇಳಿದ ಅಂಕಿಯನ್ನೇ ನಂಬಿ ತುರ್ತು ವಿಭಾಗವನ್ನು ಕುಗ್ಗಿಸಿದ್ದರೆ ಇವರ ಗತಿಯೇನಾಗುತ್ತಿತ್ತು? ತಮಿಳುನಾಡು ಸರಕಾರವು 2021ರ ಡಿಸೆಂಬರ್ 18ರಂದು ಆರಂಭಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯನ್ನು ನಿಗದಿತ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡುವ ಏರ್ಪಾಡಾಯಿತು. ಇದು ಸ್ತುತ್ಯರ್ಹವಾದ ಕಾರ್ಯ.

ವಿದ್ಯಾರ್ಥಿಗಳು ಎರಡು ಮಾತುಗಳನ್ನು ನೆನಪಿನಲ್ಲಿಡಲಿ. ಆಸ್ಪತ್ರೆಗೆ ಬಂದವರ ಲೆಕ್ಕವೇ ಬೇರೆ, ಬರಬೇಕಾಗಿದ್ದವರ ಲೆಕ್ಕವೇ ಬೇರೆ. ಮತ್ತು ಯಾವ ರೋಗದ ಭಯವಿದ್ದರೂ, ರಸ್ತೆಯಲ್ಲಿ ಬಿದ್ದವನನ್ನು ಕಂಡೊಡನೆ 108ಕ್ಕೆ ಕರೆ ಮಾಡುವುದು ನಮ್ಮೆಲ್ಲರ ಕರ್ತವ್ಯ.