ಮುಪ್ಪಿನ ನಾಯಿ ಬೆಕ್ಕುಗಳಲ್ಲಿ ರಕ್ತದ ಒತ್ತಡ

ಹೊಲಮನೆಗಳನ್ನು ಕಾಯುವ ನಾಯಿಯೂ ಕಣಜದ ಇಲಿಗಳನ್ನು ಹಿಡಿಯುವ ಬೆಕ್ಕೂ ಮುಪ್ಪಿನಲ್ಲಿ ಗೋಡೆಗೆ ತಾಕುತ್ತ ನಡೆದರೆ, “ವಯಸ್ಸಾಯಿತು, ಕಣ್ಣು ಹೋಯಿತು” ಎಂದು ಸುಮ್ಮನಾಗುವುದು ಗ್ರಾಮಗಳಲ್ಲಿ ವಾಡಿಕೆಯಾಗಿರುವುದು. ಮುಪ್ಪಿನಿಂದ ದೃಷ್ಟಿ ಮಂದವಾಗುವುದಕ್ಕೆ ಬಹುಕಾಲ ಹಿಡಿಯುವುದು. ನಿನ್ನೆ ಕಂಡ ಕಣ್ಣು ಇಂದು ಕಾಣದಿದ್ದರೆ ಅದು ಮುಪ್ಪಲ್ಲ, ರೋಗ. ಅನೇಕ ವೇಳೆ ರಕ್ತದ ಒತ್ತಡವು ಮಿತಿಮೀರಿದುದೇ ಅದಕ್ಕೆ ಕಾರಣ.

ಈ ಪ್ರಾಣಿಗಳಲ್ಲಿ ಒತ್ತಡವು ಸಾಮಾನ್ಯವಾಗಿ ಬೇರೊಂದು ರೋಗದ ಬೆನ್ನುಹತ್ತಿ ಬರುವುದು. ಬೆಕ್ಕಿನಲ್ಲಿ ಮೂತ್ರಪಿಂಡಗಳು ಕ್ರಮೇಣ ಕೆಡುವುದು, ಕೊರಳಿನ ಥೈರಾಯಿಡ್ ಗ್ರಂಥಿಯು ಅತಿಯಾಗಿ ಕೆಲಸಮಾಡುವುದು, ಇವೆರಡು ಮುಖ್ಯ ಕಾರಣಗಳು. ನಾಯಿಯಲ್ಲಿ ಮೂತ್ರಪಿಂಡದ ರೋಗವಲ್ಲದೆ ಅಡ್ರಿನಲ್ ಗ್ರಂಥಿಯ ವಿಕಾರವೂ ಉಂಟು. ನೀರನ್ನು ಹೆಚ್ಚಾಗಿ ಕುಡಿದು ಹೆಚ್ಚಾಗಿ ಮೂತ್ರ ಮಾಡುವುದು, ಮೈ ಇಳಿಯುವುದು, ಈ ಮೂಲರೋಗಗಳ ಮುನ್ಸೂಚನೆಗಳಾಗಿರಬಹುದು. ಒತ್ತಡ ಏರಿದಾಗ ಕಣ್ಣಿನ ಹಿಂಭಾಗದ ಸೂಕ್ಷ್ಮ ನಾಳಗಳು ಸೋರಿ, ತೇವ ಹಿಡಿದ ಗೋಡೆಯಿಂದ ಗಾರೆ ಏಳುವಂತೆ ಅಕ್ಷಿಪಟಲವು ಬಿಟ್ಟೇಳುವುದು. ಪಾಪೆಯು ದೀಪದ ಎದುರಿಗೂ ಕಿರಿದಾಗದೆ ಅಗಲವಾಗಿಯೇ ನಿಲ್ಲುವುದು. ಕೆಲವು ವೇಳೆ ಕಣ್ಣಿನೊಳಗೆ ರಕ್ತ ಕಾಣುವುದು. ಮಿದುಳು ಕೆಟ್ಟರೆ ತೂರಾಟ, ಸೆಳವು.

ನಾನು ಬೆಳೆ ನೋಡಲು ಹೋಗಿದ್ದ ಮನೆಯೊಂದರಲ್ಲಿ ಹೀಗೆ ಕುರುಡಾದ ನಾಯಿಯನ್ನು ಮೂರು ವಾರಗಳ ತರುವಾಯ ಆಸ್ಪತ್ರೆಗೆ ಒಯ್ದಿದ್ದರು. ಔಷಧದಿಂದ ಒತ್ತಡ ಇಳಿಯಿತು, ದೃಷ್ಟಿ ಮರಳಲಿಲ್ಲ. ಚಿಕಿತ್ಸೆಯು ಪಶುವೈದ್ಯರ ಕೆಲಸವೇ ಹೊರತು ನನ್ನದಲ್ಲ. ಆದರೆ ಬೇಗನೆ ಕರೆದೊಯ್ದರೆ ಕೆಲವು ಪ್ರಾಣಿಗಳಿಗೆ ನೋಟ ಮರಳುವುದುಂಟೆಂಬುದನ್ನು ಯಜಮಾನರು ತಿಳಿದಿರತಕ್ಕದ್ದು.

ಒತ್ತಡವನ್ನು ಮುಂಗಾಲಿಗೆ ಅಥವಾ ಬಾಲಕ್ಕೆ ಪಟ್ಟಿ ಕಟ್ಟಿ ಅಳೆಯುವರು. ಭಯದಿಂದಲೂ ಅದು ಏರುವುದರಿಂದ ಪ್ರಾಣಿಯನ್ನು 5-10 ನಿಮಿಷ ಯಜಮಾನನ ಬಳಿಯಲ್ಲಿಯೇ ಶಾಂತವಾಗಿರಿಸಿ, ಮೊದಲ ಅಳತೆಯನ್ನು ಬಿಟ್ಟು, ಮುಂದಿನ ಹಲವು ಅಳತೆಗಳ ಸರಾಸರಿಯನ್ನು ಹಿಡಿಯಬೇಕು. ಅಮೆರಿಕದ ಪಶುವೈದ್ಯ ತಜ್ಞರು 2018ರಲ್ಲಿ ಪ್ರಕಟಿಸಿದ ಮಾನದಂಡದಂತೆ ಮೇಲಿನ ಅಂಕಿಯು 140ರೊಳಗಿದ್ದರೆ ಕ್ಷೇಮ. 160 ಮುಟ್ಟಿದರೆ ರೋಗ. 180 ಮತ್ತು ಮೇಲ್ಪಟ್ಟರೆ ಅಪಾಯ ಹೆಚ್ಚು. 9 ವರ್ಷ ಮೀರಿದವನ್ನು ವರ್ಷಕ್ಕೊಮ್ಮೆ ಅಳೆಯಿಸುವುದು ಒಳ್ಳೆಯದು. ಸಮೀಪದ ಪಶು ಆಸ್ಪತ್ರೆಯಲ್ಲಿ ಉಪಕರಣವಿಲ್ಲದಿದ್ದರೆ, ಎಲ್ಲಿ ದೊರೆಯುವುದೆಂದು ಅಲ್ಲಿನ ವೈದ್ಯರನ್ನೇ ವಿಚಾರಿಸತಕ್ಕದ್ದು.

ಬೆಕ್ಕಿಗೆ ಹೆಚ್ಚಾಗಿ ಅಮ್ಲೋಡಿಪಿನ್ ಎಂಬ ಔಷಧವನ್ನು ಕೊಡುವರು. ಮನೆಯಲ್ಲಿ ಹಿರಿಯರಿಗಿರುವ ಅದೇ ಹೆಸರಿನ ಮಾತ್ರೆಯನ್ನು ಅಂದಾಜಿನಿಂದ ಮುರಿದು ತಿನ್ನಿಸಕೂಡದು. ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ನೋವೆಂದು ಪ್ಯಾರಾಸಿಟಮಾಲ್ ಕೊಟ್ಟರಂತೂ ಬೆಕ್ಕು ಸತ್ತೇಹೋಗಬಹುದು. ಉಪ್ಪಿನ ಮೀನು, ಹಪ್ಪಳಗಳ ಎಂಜಲನ್ನು ಹಾಕುವುದನ್ನೂ ನಿಲ್ಲಿಸಬೇಕು.

ಕಣ್ಣು ಕಾಣದ ಪ್ರಾಣಿಗೆ ಅನ್ನನೀರನ್ನು ದಿನವೂ ಒಂದೇ ಸ್ಥಳದಲ್ಲಿರಿಸಿ, ಕಟ್ಟೆಯಿಲ್ಲದ ಬಾವಿಯ ಕಡೆಗೆ ಹೋಗದಂತೆ ಬೇಲಿ ಹಾಕಿಸತಕ್ಕದ್ದು.