ಸರ್ಕಾರದ ಜಾಹೀರಾತು ಕುಣಿಗಲ್ ತಲುಪಿತಾ? ಒಂದು ಲೆಕ್ಕ

ರಾಗಿ ಬೆಂಬಲ ಬೆಲೆ ಖರೀದಿಗೆ ನೋಂದಣಿ ಶುರುವಾಗಿದೆ ಅನ್ನೋ ಜಾಹೀರಾತು, ತುಮಕೂರಿನ ಹಾಸ್ಟೆಲ್‌ನಲ್ಲಿ ಕೂತ ನಮಗೆ ರೀಲ್ಸ್ ಮಧ್ಯೆ ಹತ್ತು ಸಲ ಬಂತು ಅಂತ ಇಟ್ಕೊಳ್ಳಿ. ನಮ್ಮ ಹತ್ರ ಮಾರೋಕೆ ಒಂದು ಸೇರು ರಾಗಿಯೂ ಇಲ್ಲ. ಆದ್ರೂ ಹತ್ತು ಸಲಕ್ಕೂ ಬಿಲ್ ಆಗುತ್ತೆ. ಹೇಗೆ ಅಂತ ನೋಡೋಣ.

ಕರ್ನಾಟಕ ಸರ್ಕಾರ 2024ರಲ್ಲಿ ಡಿಜಿಟಲ್ ಜಾಹೀರಾತಿಗೆ ಮಾರ್ಗಸೂಚಿ ತಂದಿತು. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಇದರ ನೋಡಲ್ ಇಲಾಖೆ. ಕೇಂದ್ರ ಸರ್ಕಾರದ ನೀತಿ 2023ರ ನವೆಂಬರ್‌ನಲ್ಲೇ ಬಂದಿತ್ತು.

ಈ ವ್ಯವಹಾರದ ಅಳತೆಗೋಲು ಸಿಪಿಎಂ, ಅಂದರೆ ಜಾಹೀರಾತು 1,000 ಸಲ ಕಾಣಿಸಿಕೊಂಡರೆ ಕೊಡೋ ದರ. ಒಂದೊಂದು ಸಲ ಕಾಣಿಸೋದಕ್ಕೆ ಇಂಪ್ರೆಷನ್ ಅಂತಾರೆ. ಲೆಕ್ಕಕ್ಕೆ ₹2 ಲಕ್ಷ ಖರ್ಚು, ಸಿಪಿಎಂ ₹80 ಅಂದ್ಕೊಳ್ಳೋಣ. 25 ಲಕ್ಷ ಇಂಪ್ರೆಷನ್ ಸಿಗುತ್ತೆ. ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೋದು ಇದೇ. ಆದರೆ ಒಂದೊಂದು ಫೋನಿಗೆ ಸರಾಸರಿ ಹತ್ತು ಸಲ ಹೋಗಿದ್ದರೆ ತಲುಪಿದ್ದು 2.5 ಲಕ್ಷ ಫೋನು ಮಾತ್ರ. ಇನ್ನು 'ನೋಡಿದರು' ಅನ್ನೋದರ ಅರ್ಥ ಕೇಳಿದ್ರೆ ನಗು ಬರುತ್ತೆ: ಉದ್ಯಮದ ಮಾನದಂಡದ ಪ್ರಕಾರ ಚಿತ್ರದ ಅರ್ಧ ಭಾಗ ಒಂದು ಸೆಕೆಂಡ್ ಪರದೆ ಮೇಲಿದ್ದರೆ ಸಾಕು, ವಿಡಿಯೊ ಆದರೆ ಎರಡು ಸೆಕೆಂಡ್. ನಮ್ಮ ಹೆಬ್ಬೆರಳು ಅಷ್ಟರಲ್ಲಿ ಮುಂದಕ್ಕೆ ಹೋಗಿರುತ್ತೆ.

ನಮಗೆ ದೊಡ್ಡದಾಗಿ ಕಂಡ ತೊಂದರೆ ಜಾಗದ್ದು. 'ತುಮಕೂರು ಜಿಲ್ಲೆಗೆ ಮಾತ್ರ' ಅಂತ ಆರಿಸಬಹುದು, ನಿಜ. ಆದರೆ ಲೊಕೇಶನ್ ಆಫ್ ಇರೋ ಫೋನಿನ ಜಾಗವನ್ನ ಹೆಚ್ಚಾಗಿ ಐಪಿ ವಿಳಾಸದಿಂದ ಊಹಿಸಬೇಕಾಗುತ್ತೆ. ಮೊಬೈಲ್ ಡೇಟಾ ಕಂಪನಿಯ ಗೇಟ್‌ವೇ ದಾಟಿ ಇಂಟರ್ನೆಟ್‌ಗೆ ಹೋಗುತ್ತಲ್ಲ, ಆ ಗೇಟ್‌ವೇ ದೊಡ್ಡ ನಗರದಲ್ಲಿರುತ್ತೆ. ಹಾಗಾಗಿ ಕುಣಿಗಲ್‌ನ ಹೊಲದಲ್ಲಿರೋ ಫೋನು ಬೆಂಗಳೂರಿನದು ಅಂತ ಎಣಿಕೆಯಾಗಬಹುದು. ಆ ರೈತರಿಗೆ ಜಾಹೀರಾತು ಬರೋದೇ ಇಲ್ಲ. ನೋಂದಣಿಯ ಕೊನೇ ದಿನ ತಪ್ಪಿದರೆ ರಾಗಿ ವ್ಯಾಪಾರಿ ಹೇಳಿದ ರೇಟಿಗೆ ಹೋಗುತ್ತೆ.

ಊರಿನ ಸುದ್ದಿ ಹಾಕೋ ಪೇಜ್‌ಗಳಿಗೇ ಜಾಹೀರಾತು ಕೊಡಬಹುದಲ್ಲ ಅಂತೀರಾ? ರಾಜ್ಯದ ಮಾರ್ಗಸೂಚಿಯಲ್ಲಿ ಇನ್‌ಫ್ಲುಯೆನ್ಸರ್‌ಗೆ ಕನಿಷ್ಠ 1 ಲಕ್ಷ ಫಾಲೋವರ್ಸ್ ಇರಬೇಕು. ಗುಬ್ಬಿಯಲ್ಲಿ ಇಪ್ಪತ್ತು ಸಾವಿರ ಜನ ನಂಬಿ ನೋಡೋ ಒಬ್ಬರಿದ್ದರೂ ಲೆಕ್ಕಕ್ಕಿಲ್ಲ. ನಕಲಿ ಪೇಜ್‌ಗಳನ್ನ ತಡೆಯೋಕೆ ಒಂದು ಮಿತಿ ಬೇಕು, ಒಪ್ಪೋಣ. ಆದರೆ ತಾಲ್ಲೂಕು ಮಟ್ಟಕ್ಕೆ ಇದು ತೀರಾ ಜಾಸ್ತಿ ಅಂತ ನಮ್ಮ ಅನಿಸಿಕೆ. (ಹಲಗೆ ಬಡಿದು ಡಂಗುರ ಸಾರುತ್ತಿದ್ದವರಿಗೆ ಫಾಲೋವರ್ಸ್ ಎಷ್ಟು ಅಂತ ಯಾರೂ ಕೇಳ್ತಿರಲಿಲ್ಲ.)

ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಹುಡುಕಬಹುದು. ಆದರೆ ಖರ್ಚು ಕಾಣೋದು ರಾಜಕೀಯ, ಸಾಮಾಜಿಕ ವಿಷಯ ಅಂತ ಗುರುತಿಸಿದ ಜಾಹೀರಾತಿಗೆ ಮಾತ್ರ. ಅದೂ ಇಷ್ಟರಿಂದ ಇಷ್ಟು ಅನ್ನೋ ಅಂದಾಜು, ಪ್ರದೇಶದ ವಿವರ ರಾಜ್ಯಕ್ಕೇ ನಿಲ್ಲುತ್ತೆ. ಉಳಿದಿದ್ದು ಮಾಹಿತಿ ಹಕ್ಕು. ₹10 ಶುಲ್ಕ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. 'ಎಷ್ಟು ಖರ್ಚಾಯ್ತು' ಅಂತ ಮಾತ್ರ ಕೇಳಬೇಡಿ. ಹೀಗೆ ಬರೆಯಿರಿ:

"ರಾಗಿ ಖರೀದಿ ನೋಂದಣಿಯ ಡಿಜಿಟಲ್ ಜಾಹೀರಾತಿಗೆ ಪಾವತಿಸಿದ ಮೊತ್ತ, ಸಿಪಿಎಂ ದರ, ಒಟ್ಟು ಇಂಪ್ರೆಷನ್, ತಲುಪಿದ ಪ್ರತ್ಯೇಕ ಬಳಕೆದಾರರ ಸಂಖ್ಯೆ, ಜಾಹೀರಾತಿಗೆ ಆಯ್ಕೆ ಮಾಡಿದ ಪ್ರದೇಶಗಳ ಪಟ್ಟಿ, ಇವುಗಳ ದಾಖಲೆಯ ದೃಢೀಕೃತ ಪ್ರತಿ ನೀಡಿ."